ತೂಕದ ಜಾಗದಲ್ಲಿ ‘ಆಮೇಲೆ’

ಕೋಲ್ಡ್ ಸ್ಟೋರೇಜ್ ಆಫೀಸು ತಣ್ಣಗಿರುತ್ತದೆ ಅಂದುಕೊಂಡು ಹೋಗಿದ್ದೆ. ಇಲ್ಲ. ಒಳಗಿನ ಕೋಣೆಗಳು 4–5 ಡಿಗ್ರಿ, ಹೊರಗಿನ ಆಫೀಸಿಗೆ ಒಂದು ಫ್ಯಾನು. ಅದೂ ಕರೆಂಟ್ ಇದ್ದರೆ.

ಮಾರ್ಚ್ ತಿಂಗಳು. ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ತಿಕೋಟಾ ಕಡೆ ಹೋದರೆ ದ್ರಾಕ್ಷಿ ತೋಟಗಳು, ನಡುನಡುವೆ ಒಣಗಿಸುವ ಶೆಡ್‌ಗಳು. ಒಣದ್ರಾಕ್ಷಿಯ ಹಂಗಾಮು. ಸುಮಾರು ನಾಲ್ಕು ಕಿಲೋ ಹಸಿ ಹಣ್ಣು ಒಣಗಿ ಒಂದು ಕಿಲೋ ಆಗುತ್ತದೆ. ಆ ಒಂದು ಕಿಲೋಗೆ ಒಳ್ಳೆಯ ದರ ಬರುವ ತನಕ ರೈತರು ಮಾಲನ್ನು ಕೋಲ್ಡ್ ಸ್ಟೋರೇಜ್‌ನಲ್ಲಿ ಇಡುತ್ತಾರೆ. ಇಟ್ಟದ್ದಕ್ಕೆ ಬಾಡಿಗೆ. ನನ್ನ ಗೆಳೆಯನ ಮನೆಯವರದ್ದು ಅಂಥದ್ದೇ ಒಂದು ಸ್ಟೋರೇಜ್.

ನಾನು ಬೆಂಗಳೂರಿನಲ್ಲಿ ಕೆಲಸ ಮಾಡಿ ಊರಿಗೆ ವಾಪಸ್ ಬಂದವನು. ಮನೆಯಿಂದಲೇ ಪ್ರೋಗ್ರಾಂ ಬರೆಯುತ್ತೇನೆ. ಗೆಳೆಯ ಕೇಳಿದ್ದು ಚಿಕ್ಕ ಕೆಲಸ. ಯಾರ ಮಾಲು ಎಷ್ಟಿದೆ, ಎಷ್ಟು ದಿನದಿಂದ ಇದೆ, ಬಾಡಿಗೆ ಎಷ್ಟಾಯಿತು, ಇಷ್ಟು ದಿನಾ ಬೆಳಿಗ್ಗೆ ಪ್ರಿಂಟ್ ಆಗಬೇಕು. ಮಾಹಿತಿ ಎಲ್ಲಾ ಒಂದು ಹಳೆಯ ಸಾಫ್ಟ್‌ವೇರ್‌ನಲ್ಲಿ ಇದೆ. ಅದನ್ನು ಮಾಡಿಕೊಟ್ಟವರು ಈಗ ಫೋನ್ ಎತ್ತುವುದಿಲ್ಲ. ಆದರೆ ಒಂದು ವಿಳಾಸಕ್ಕೆ ಹೋದರೆ ಎಲ್ಲಾ ಲಾಟ್‌ಗಳ (ಒಂದು ನಂಬರ್ ಕೊಟ್ಟು ಇಟ್ಟ ಮಾಲು) ವಿವರ ಜೇಸನ್ ರೂಪದಲ್ಲಿ, ಅಂದರೆ ಪ್ರೋಗ್ರಾಂಗಳು ಮಾಹಿತಿ ಹಂಚಿಕೊಳ್ಳುವ ಪಠ್ಯದ ರೂಪದಲ್ಲಿ, ಸಿಗುತ್ತದೆ. ಎರಡು ದಿನದ ಕೆಲಸ ಅಂದೆ. ಮೂರು ವಾರ ಹಿಡಿಯಿತು.

ಬರೆಯಲು ಗೋ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಆರಿಸಿಕೊಂಡೆ. ಕಾರಣ ದೊಡ್ಡದೇನಲ್ಲ. ಅಲ್ಲಿನ ಕಂಪ್ಯೂಟರ್ ಹಳೆಯದು, ಇಂಟರ್ನೆಟ್ ಬಂದರೆ ಬಂತು. ಗೋದಲ್ಲಿ ಬರೆದರೆ ಕೊನೆಗೆ ಒಂದೇ ಫೈಲ್. ಪೆನ್‌ಡ್ರೈವ್‌ನಲ್ಲಿ ಒಯ್ದು ಕಾಪಿ ಮಾಡಿದರೆ ಮುಗಿಯಿತು. ಬೇರೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ.

ಗೋ ಸ್ಟ್ಯಾಟಿಕ್ ಟೈಪ್ ಇರುವ ಭಾಷೆ. ಯಾವ ಡಬ್ಬಿಯಲ್ಲಿ ಏನಿರುತ್ತದೆ ಅಂತ ಮೊದಲೇ ಚೀಟಿ ಅಂಟಿಸಬೇಕು. ಸಕ್ಕರೆ ಅಂತ ಬರೆದ ಡಬ್ಬಿಗೆ ಉಪ್ಪು ಸುರಿಯಲು ಬಿಡುವುದಿಲ್ಲ. ನಾನು ಲಾಟ್ ಅನ್ನುವ ಒಂದು ಸ್ಟ್ರಕ್ಟ್, ಅಂದರೆ ಚೀಟಿ ಅಂಟಿಸಿದ ಡಬ್ಬಿಗಳ ಒಂದು ಕಟ್ಟು, ಬರೆದೆ. ಲಾಟ್ ನಂಬರ್, ರೈತರ ಹೆಸರು, ತೂಕ, ಬಂದ ದಿನಾಂಕ, ದರ. ತೂಕ ಫ್ಲೋಟ್64, ಅಂದರೆ ದಶಮಾಂಶವನ್ನೂ ಹಿಡಿಯುವ ಸಂಖ್ಯೆ. ಓಡಿಸಿದೆ. ಮೊದಲ ಸಾಲಿಗೇ ನಿಂತಿತು. ತೂಕದ ಜಾಗಕ್ಕೆ ಸ್ಟ್ರಿಂಗ್ (ಪಠ್ಯ) ಬಂದಿದೆ, ಸಂಖ್ಯೆಯ ಡಬ್ಬಿಗೆ ಹಾಕಲಾರೆ ಅಂತ ಎರರ್.

ಫೈಲ್ ತೆಗೆದು ನೋಡಿದೆ. ಒಂದು ಲಾಟ್‌ನಲ್ಲಿ ತೂಕ 1500. ಮುಂದಿನದರಲ್ಲಿ ಅದೇ 1500, ಆದರೆ ಎರಡೂ ಕಡೆ ಉದ್ಧರಣ ಚಿಹ್ನೆ, ಜೊತೆಗೆ ಎರಡು ಸೊನ್ನೆಯ ದಶಮಾಂಶ. ಅದರ ಮುಂದಿನದರಲ್ಲಿ ಖಾಲಿ ಸ್ಟ್ರಿಂಗ್. ಇನ್ನೊಂದರಲ್ಲಿ ನಲ್, ಅಂದರೆ ‘ಏನೂ ಇಲ್ಲ’ ಅನ್ನುವ ಗುರುತು. ಒಂದರಲ್ಲಿ ‘1,250’. ಒಂದರಲ್ಲಿ ‘100 ಬಾಕ್ಸ್’. ಇನ್ನೂ ಕೆಳಗೆ ಹೋದರೆ ಒಂದು ಲಾಟ್‌ನಲ್ಲಿ ತೂಕದ ಜಾಗದಲ್ಲಿ ‘ಆಮೇಲೆ’ ಅಂತ ಇತ್ತು.

ಇದು ಜೇಸನ್‌ನ ತಪ್ಪು ಅಲ್ಲ. 2017ರ ಆರ್‌ಎಫ್‌ಸಿ 8259 ಅನ್ನುವ ಇಂಟರ್ನೆಟ್ ಮಾನದಂಡದ ದಾಖಲೆ ಅದರ ಈಗಿನ ನಿಯಮ. ಸಂಖ್ಯೆ ಹೇಗೆ ಬರೆಯಬೇಕು, ಸ್ಟ್ರಿಂಗ್ ಹೇಗೆ ಬರೆಯಬೇಕು ಅಂತ ಅದರಲ್ಲಿದೆ. ತೂಕ ಅಂದಮೇಲೆ ಸಂಖ್ಯೆಯೇ ಬರಬೇಕು ಅಂತ ಎಲ್ಲೂ ಇಲ್ಲ. ‘ಆಮೇಲೆ’ ಕೂಡ ನಿಯಮದ ಪ್ರಕಾರ ಸರಿಯಾದ ಜೇಸನ್.

ಸಿಟ್ಟಿನಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆ. ಸ್ಟ್ರಕ್ಟ್ ಕಿತ್ತು ಹಾಕಿ ಎಲ್ಲವನ್ನೂ ಖಾಲಿ ಇಂಟರ್‌ಫೇಸ್ ಇರುವ ಮ್ಯಾಪ್‌ಗೆ (ಹೆಸರಿಗೊಂದು ಬೆಲೆ ಇಡುವ ಜೋಡಿಪಟ್ಟಿ) ಸುರಿದೆ. ಅಂದರೆ ಡಬ್ಬಿಗಳ ಚೀಟಿಗಳನ್ನೆಲ್ಲ ಹರಿದು ‘ಏನೋ ಒಂದು’ ಅಂತ ಬರೆದ ಹಾಗೆ. ಈಗ ಫೈಲ್ ಪೂರ್ತಿ ಓದಿತು, ಒಂದೂ ಎರರ್ ಇಲ್ಲ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಮರುದಿನ ಲೆಕ್ಕ ಶುರು ಮಾಡಿದಾಗ ಗೊತ್ತಾಯಿತು. ತೂಕ ಬೇಕಾದ ಪ್ರತಿ ಜಾಗದಲ್ಲೂ ‘ಇದು ಸಂಖ್ಯೆಯಾ? ಸ್ಟ್ರಿಂಗಾ? ನಲ್ಲಾ?’ ಅಂತ ಕೇಳಬೇಕು. ಬಾಡಿಗೆ ಲೆಕ್ಕದಲ್ಲಿ ಒಮ್ಮೆ, ಒಟ್ಟು ದಾಸ್ತಾನಿನಲ್ಲಿ ಒಮ್ಮೆ, ಪ್ರಿಂಟ್‌ನಲ್ಲಿ ಒಮ್ಮೆ. ಒಂದು ಕಡೆ ಕೇಳುವುದು ಮರೆತೆ, ಪ್ರೋಗ್ರಾಂ ಪ್ಯಾನಿಕ್ ಆಗಿ ಬಿತ್ತು. ಬೀಳುವುದಾದರೂ ಪರವಾಗಿಲ್ಲ, ಕಣ್ಣಿಗೆ ಕಾಣುತ್ತದೆ. ಕಾಣದ್ದು ಇನ್ನೊಂದಿತ್ತು. ಒಟ್ಟು ಲಾಟ್‌ಗಳ ಎಣಿಕೆ ಕಡಿಮೆ ಬರುತ್ತಿತ್ತು. ಫೈಲ್‌ನಲ್ಲಿ ಇರುವುದಕ್ಕಿಂತ ಹದಿನೇಳು ಕಡಿಮೆ.

ಅರ್ಧ ದಿನ ಅದರ ಹಿಂದೆ ಹೋಯಿತು. ಲಾಟ್ ನಂಬರ್ 17 ಅಂಕಿ ಉದ್ದ. ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು, ಕೊನೆಗೆ ಮೂರು ಅಂಕಿಯ ಕ್ರಮಸಂಖ್ಯೆ. ಉದಾಹರಣೆಗೆ 20240312104512007. ‘ಏನೋ ಒಂದು’ ಡಬ್ಬಿಗೆ ಸಂಖ್ಯೆ ಬಂದರೆ ಗೋ ಅದನ್ನು ಫ್ಲೋಟ್64 ಮಾಡಿಬಿಡುತ್ತದೆ. ಫ್ಲೋಟ್64 ಪೂರ್ಣ ಸಂಖ್ಯೆಗಳನ್ನು ಒಂದೂ ಬಿಡದೆ ಹಿಡಿಯುವುದು 9007199254740992 ತನಕ ಮಾತ್ರ. ಅದು 16 ಅಂಕಿ. ನಮ್ಮ ಲಾಟ್ ನಂಬರ್ ಇರುವ ಎತ್ತರದಲ್ಲಿ ಅದು ನಾಲ್ಕು ನಾಲ್ಕು ಬಿಟ್ಟು ಎಣಿಸುತ್ತದೆ. ಹಾಗಾಗಿ 007ಕ್ಕೆ ಕೊನೆಯಾಗುವ ಲಾಟ್, 009ಕ್ಕೆ ಕೊನೆಯಾಗುವ ಲಾಟ್, ಎರಡೂ 008 ಆಗಿಬಿಟ್ಟಿದ್ದವು. ಒಂದೇ ಟ್ರ್ಯಾಕ್ಟರ್‌ನಲ್ಲಿ ಬಂದ ಮಾಲನ್ನು ಮೂರು ಲಾಟ್ ಮಾಡಿ ನಮೂದಿಸಿದ್ದರೆ ಕೆಲವೊಮ್ಮೆ ಮೂರೂ ಒಂದೇ. ಒಬ್ಬರ ಮಾಲು ಇನ್ನೊಬ್ಬರ ಮಾಲಿನ ಮೇಲೆ ಕೂತಿತ್ತು. ಯಾವ ಎರರೂ ಇಲ್ಲ, ಎಚ್ಚರಿಕೆಯೂ ಇಲ್ಲ.

ಚೀಟಿ ಹರಿದದ್ದಕ್ಕೆ ಸಿಕ್ಕ ಫಲ. ಲಾಟ್ ನಂಬರ್ ಕೂಡಿಸುವ, ಗುಣಿಸುವ ಸಂಖ್ಯೆಯೇ ಅಲ್ಲ ಅಲ್ವಾ? ಅದು ಹೆಸರು. ಯೂಸ್‌ನಂಬರ್ ಅಂತ ಒಂದು ಸೌಲಭ್ಯ ಇದೆ. ಅದನ್ನು ಹಾಕಿದರೆ ಅಂಕಿಗಳು ಬಂದ ಹಾಗೇ ಪಠ್ಯವಾಗಿ ಉಳಿಯುತ್ತವೆ. ನಾನು ಅಲ್ಲಿಗೆ ನಿಲ್ಲಿಸದೆ ಮ್ಯಾಪ್ ಅನ್ನೇ ಬಿಟ್ಟು ಮತ್ತೆ ಸ್ಟ್ರಕ್ಟ್‌ಗೆ ಮರಳಿದೆ. ಲಾಟ್ ನಂಬರ್‌ಗೆ ಬೇರೆ ಟೈಪ್, ಒಳಗೆ ಸ್ಟ್ರಿಂಗ್.

ತೂಕಕ್ಕೆ ಮಾತ್ರ ಕಂಪ್ಯೂಟರ್ ಮುಂದೆ ಕೂತು ಉತ್ತರ ಸಿಗುವ ಹಾಗಿರಲಿಲ್ಲ. ‘100 ಬಾಕ್ಸ್’ ಅಂದರೆ ಎಷ್ಟು ಕಿಲೋ? ಬರೀ ‘100’ ಅಂತ ಇದ್ದರೆ ಅದು ಕಿಲೋನಾ, ಬಾಕ್ಸಾ? ಅದಕ್ಕೇ ಬೈಕ್ ಹತ್ತಿ ಸ್ಟೋರೇಜ್‌ಗೆ ಹೋದದ್ದು.

ಅಲ್ಲಿ ಎಂಟ್ರಿ ಮಾಡುವವರು ಐವತ್ತು ದಾಟಿದ ಒಬ್ಬ ಗುಮಾಸ್ತರು. ನಾನು ಪಟ್ಟಿ ತೋರಿಸಿ ಒಂದೊಂದೇ ಕೇಳಿದೆ. ಮೊದಲು ಅವರಿಗೆ ನಾನು ತಪ್ಪು ಹುಡುಕಲು ಬಂದಿದ್ದೇನೆ ಅನ್ನಿಸಿತು. ಚಹಾ ಬಂದಮೇಲೆ ಸಡಿಲವಾದರು.

“ಬಾಕ್ಸ್ ಅಂದ್ರ ಹದಿನೈದು ಕಿಲೋ ರೀ. ಎಲ್ಲಾರಿಗೂ ಗೊತ್ತೈತಿ. ಅದನ್ಯಾಕ ಬರೀಬೇಕು?”

ಸರಿ. ಮತ್ತೆ ‘ಆಮೇಲೆ’?

“ಕರೆಂಟ್ ಹೋಗಿತ್ತು. ಕಾಟಾ ಬಂದ್. ರೈತ ರಾತ್ರಿ ಎಂಟಕ್ಕ ಬಂದಾನ, ಮಾಲ್ ಇಳಿಸ್ಕೊಳ್ಳಿಲ್ಲ ಅಂದ್ರ ಹೆಂಗ? ಆಮ್ಯಾಲ ತೂಕ ಮಾಡೂಣು ಅಂತ ಹಾಕೀನಿ.”

ಹಾಗೆ ಹಾಕಿದ ಎಲ್ಲವನ್ನೂ ಆಮೇಲೆ ತೂಕ ಮಾಡಿದ್ದೀರಾ ಅಂತ ಕೇಳಲಿಲ್ಲ. ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಇನ್ನೊಂದು ವಿಷಯ ಅವರೇ ಹೇಳಿದರು. ಹೊಸ ಫಾರ್ಮ್ ಬಂದಮೇಲೆ ತೂಕದ ಜಾಗದಲ್ಲಿ ಅಕ್ಷರ ಬರೆಯಲು ಬಿಡುತ್ತಿಲ್ಲ, ಖಾಲಿ ಬಿಡಲೂ ಬಿಡುತ್ತಿಲ್ಲ. ಹಾಗಾಗಿ ತೂಕ ಗೊತ್ತಿಲ್ಲದಿದ್ದರೆ 0 ಹಾಕುತ್ತಾರೆ. ಇದನ್ನು ಕೇಳಿ ನನಗೆ ನಿಜಕ್ಕೂ ದಿಗಿಲಾಯಿತು. ‘ಆಮೇಲೆ’ ಅನ್ನುವುದು ಪ್ರಾಮಾಣಿಕ ಎಂಟ್ರಿ. ನೋಡಿದ ಕೂಡಲೇ ತೂಕ ಆಗಿಲ್ಲ ಅಂತ ತಿಳಿಯುತ್ತದೆ. ಫಾರ್ಮ್ ಮಾಡಿದವರು ಶಿಸ್ತು ತರಲು ಹೋಗಿ ಅದನ್ನು ಸುಳ್ಳು ಸೊನ್ನೆ ಮಾಡಿದ್ದರು. ಸೊನ್ನೆ ಕಿಲೋ ಒಣದ್ರಾಕ್ಷಿಯನ್ನು ಯಾರೂ ಕೋಲ್ಡ್ ಸ್ಟೋರೇಜ್‌ಗೆ ತರುವುದಿಲ್ಲ. ಆದರೆ ನನ್ನ ಪ್ರೋಗ್ರಾಂಗೆ ಅದು ಚೊಕ್ಕ ಸಂಖ್ಯೆ.

ಮನೆಗೆ ಬಂದು ತೂಕಕ್ಕೆ ನನ್ನದೇ ಟೈಪ್ ಬರೆದೆ. ಗೋದಲ್ಲಿ ಒಂದು ಟೈಪ್‌ಗೆ ಅನ್‌ಮಾರ್ಷಲ್‌ಜೇಸನ್ ಅನ್ನುವ ಮೆಥಡ್ (ಆ ಟೈಪ್‌ನದೇ ಆದ ಫಂಕ್ಷನ್) ಕೊಟ್ಟರೆ, ಓದುವ ಕೆಲಸವನ್ನು ಗೋದ ಜೇಸನ್ ಲೈಬ್ರರಿ ಅದಕ್ಕೇ ಬಿಟ್ಟುಕೊಡುತ್ತದೆ. ಕಚ್ಚಾ ಬೈಟ್‌ಗಳು ಕೈಗೆ ಬರುತ್ತವೆ. ಮೊದಲ ಅಕ್ಷರ ನೋಡಿ ಸ್ಟ್ರಿಂಗೋ ಸಂಖ್ಯೆಯೋ ನಲ್ಲೋ ಅಂತ ತೀರ್ಮಾನಿಸಬಹುದು. ಅಲ್ಪವಿರಾಮ ತೆಗೆ, ‘ಬಾಕ್ಸ್’ ಇದ್ದರೆ 15ರಿಂದ ಗುಣಿಸು, ‘ಕೆಜಿ’ ಇದ್ದರೆ ಕತ್ತರಿಸು. ಕೊಳೆಯೆಲ್ಲ ಈ ಒಂದು ಬಾಗಿಲಲ್ಲೇ ತೊಳೆದುಹೋಗಬೇಕು. ಒಳಗೆ ಲೆಕ್ಕ ಮಾಡುವ ಕೋಡ್‌ಗೆ ಜೇಸನ್ ಅನ್ನುವುದು ಇದೆ ಅಂತಲೇ ಗೊತ್ತಾಗಬಾರದು.

ಇಲ್ಲಿ ಒಂದು ಹಳೆಯ ಗುಂಡಿಗೆ ಬಿದ್ದೆ. ಲಾಟ್ ಸ್ಟ್ರಕ್ಟ್‌ಗೂ ಅದೇ ಮೆಥಡ್ ಬರೆದು, ಅದರ ಒಳಗಿನಿಂದ ಮತ್ತೆ ಲೈಬ್ರರಿಯನ್ನು ಕರೆದು ಅದೇ ಲಾಟ್ ಅನ್ನು ಓದು ಅಂದೆ. ಲೈಬ್ರರಿ ನನ್ನ ಮೆಥಡ್ ಕರೆಯಿತು, ಅದು ಲೈಬ್ರರಿ ಕರೆಯಿತು, ಅದು ಮತ್ತೆ ನನ್ನ ಮೆಥಡ್ ಕರೆಯಿತು. ಸ್ಟ್ಯಾಕ್ ತುಂಬಿ ಪ್ರೋಗ್ರಾಂ ಸತ್ತಿತು. ಪರಿಹಾರ ಒಂದೇ ಸಾಲು. ಲಾಟ್‌ನಿಂದ ಇನ್ನೊಂದು ಹೆಸರಿನ ಟೈಪ್ ಮಾಡಿಕೊಂಡರೆ ಫೀಲ್ಡ್‌ಗಳು ಅವೇ ಇರುತ್ತವೆ, ಮೆಥಡ್‌ಗಳು ಬರುವುದಿಲ್ಲ. ಅದರೊಳಗೆ ಓದಿಸಿಕೊಂಡು ವಾಪಸ್ ಲಾಟ್‌ಗೆ ಹಾಕಿಕೊಳ್ಳುವುದು. ಇದನ್ನು ಮುಂಚೆ ಎರಡು ಸಲ ಕಲಿತಿದ್ದೆ, ಎರಡು ಸಲ ಮರೆತಿದ್ದೆ.

ಅಂಕಿಗಳ ಇನ್ನೊಂದು ತಮಾಷೆ. ಕೆಲವು ಎಂಟ್ರಿಗಳಲ್ಲಿ ತೂಕ ಕನ್ನಡ ಅಂಕಿಯಲ್ಲಿ ಇತ್ತು, ‘೧೨೦’ ಅಂತ. ಯಾರೋ ಮೊಬೈಲ್‌ನ ಕನ್ನಡ ಕೀಲಿಮಣೆಯಲ್ಲಿ ಹಾಕಿದ್ದು. ಗೋದ ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಪಟ್ಟಿ) ಪ್ಯಾಕೇಜ್‌ಗೆ ‘ಇದು ಅಂಕಿಯಾ?’ ಅಂತ ಕೇಳಿದರೆ ಹೌದು ಅನ್ನುತ್ತದೆ. ಅದನ್ನೇ ಸಂಖ್ಯೆ ಮಾಡಿಕೊಡು ಅಂತ ಪಾರ್ಸ್‌ಫ್ಲೋಟ್‌ಗೆ ಕೊಟ್ಟರೆ ಆಗಲ್ಲ ಅನ್ನುತ್ತದೆ. ನಾನು ಮೊದಲನೆಯದರ ಮಾತು ನಂಬಿ ಪರೀಕ್ಷೆ ಬರೆದಿದ್ದೆ. ಕನ್ನಡದ ಹತ್ತೂ ಅಂಕಿಗಳು ಯೂನಿಕೋಡ್‌ನಲ್ಲಿ ಸಾಲಾಗಿ ಕೂತಿವೆ. ಹಾಗಾಗಿ ಪ್ರತಿ ಅಂಕಿಯಿಂದ ಕನ್ನಡದ ಸೊನ್ನೆಯನ್ನು ಕಳೆದರೆ ಬೆಲೆ ಸಿಗುತ್ತದೆ. ನಾಲ್ಕು ಸಾಲಿನ ಕೋಡ್. ಈ ಇಡೀ ಕೆಲಸದಲ್ಲಿ ನನಗೆ ಖುಷಿ ಕೊಟ್ಟದ್ದು ಇದೊಂದೇ.

ತಲೆ ಕೆಡಿಸಿದ್ದು ಲಾಟ್‌ಗಳ ಪಟ್ಟಿ. ಪ್ರತಿ ರೈತರ ಕೆಳಗೆ ಅವರ ಲಾಟ್‌ಗಳ ಅರೇ (ಸಾಲುಪಟ್ಟಿ) ಇರುತ್ತದೆ. ಬಹಳ ಕಡೆ ಚೌಕ ಆವರಣದ ಸಾದಾ ಅರೇನೇ. ಕೆಲವರಿಗೆ ಮಾತ್ರ ಅರೇ ಬದಲು ಹೂ ಆವರಣದ ಆಬ್ಜೆಕ್ಟ್ ಬರುತ್ತಿತ್ತು. ಅದರ ಕೀಗಳು, ಅಂದರೆ ಒಳಗಿನ ಒಂದೊಂದು ವಿವರಕ್ಕೆ ಕೊಟ್ಟ ಹೆಸರುಗಳು, ‘0’, ‘2’, ‘3’. ಒಬ್ಬರಿಗೆ ನಿನ್ನೆ ಅರೇ ಇತ್ತು, ಇವತ್ತು ಆಬ್ಜೆಕ್ಟ್. ನಾನು ಎರಡನ್ನೂ ಓದುವ ಹಾಗೆ ಬರೆದು ಮುಂದೆ ಹೋಗಬಹುದಿತ್ತು. ಆದರೆ ‘1’ ಎಲ್ಲಿ ಹೋಯಿತು ಅನ್ನುವುದು ಕೊರೆಯುತ್ತಿತ್ತು.

ಸರ್ವರ್ ಪಿಎಚ್‌ಪಿ ಅನ್ನುವ ಭಾಷೆಯಲ್ಲಿ ಇದೆ ಅಂತ ಗೊತ್ತಾದಮೇಲೆ ಒಗಟು ಬಗೆಹರಿಯಿತು. ಪಿಎಚ್‌ಪಿಯಲ್ಲಿ ಪಟ್ಟಿಗೂ ಮ್ಯಾಪ್‌ಗೂ ಒಂದೇ ಅರೇ. ಜೇಸನ್ ಮಾಡುವಾಗ ಕೀಗಳು 0, 1, 2 ಅಂತ ಸರಿಯಾಗಿ ಸಾಲಾಗಿದ್ದರೆ ಅರೇ ಬರೆಯುತ್ತದೆ. ನಡುವೆ ಒಂದು ಹಲ್ಲು ಬಿದ್ದರೂ ಆಬ್ಜೆಕ್ಟ್ ಬರೆಯುತ್ತದೆ. ರೈತ ಒಂದು ಲಾಟ್ ಮಾರಿ ಹೊರಗೆ ಒಯ್ದರೆ ಸರ್ವರ್ ಅದನ್ನು ಪಟ್ಟಿಯಿಂದ ಫಿಲ್ಟರ್ ಮಾಡುತ್ತದೆ, ಆದರೆ ಕ್ರಮಸಂಖ್ಯೆಗಳನ್ನು ಮತ್ತೆ ಜೋಡಿಸುವುದಿಲ್ಲ. ಕೊನೆಯ ಲಾಟ್ ಮಾರಿದರೆ ತೊಂದರೆ ಇಲ್ಲ. ನಡುವಿನದು ಮಾರಿದರೆ ಆಕಾರವೇ ಬದಲು. ಅಲ್ಲಿ ಫಿಲ್ಟರ್ ಆದಮೇಲೆ ಒಂದು ಫಂಕ್ಷನ್ ಕರೆದಿದ್ದರೆ ಸಾಕಿತ್ತು. ಫೋನ್ ಎತ್ತುವವರಿಲ್ಲವಲ್ಲ.

ಸಂಖ್ಯೆಗಳು ಕೆಲವು ಕಡೆ ಸ್ಟ್ರಿಂಗ್ ಆಗಿ ಬರುವುದಕ್ಕೂ ಇಂಥದ್ದೇ ಕಾರಣ. ಡೇಟಾಬೇಸ್‌ನಿಂದ ನೇರ ಬಂದ ತೂಕ ಆ ಸರ್ವರ್‌ನಲ್ಲಿ ಸ್ಟ್ರಿಂಗ್. ಭಾಗಶಃ ಮಾಲು ಒಯ್ದಮೇಲೆ ಕಳೆದು ಉಳಿಸಿದ ತೂಕ ಸಂಖ್ಯೆ. ಇದು ತಿಳಿದಮೇಲೆ ಉದ್ಧರಣ ಚಿಹ್ನೆ ಇದೆಯೋ ಇಲ್ಲವೋ ನೋಡಿಯೇ ಯಾವ ಲಾಟ್ ಅರ್ಧ ಖಾಲಿಯಾಗಿದೆ ಅಂತ ಹೇಳಬಲ್ಲವನಾದೆ. ಗೆಳೆಯನಿಗೆ ಹಾಗೆ ಹೇಳಿ ತೋರಿಸಿದೆ. ಅವನು ನಾನು ಜ್ಯೋತಿಷ್ಯ ಹೇಳುತ್ತಿದ್ದೇನೆ ಅಂದುಕೊಂಡ.

ದಿನಾಂಕದ ಗೋಳು ಬೇಗ ಹೇಳಿ ಮುಗಿಸುತ್ತೇನೆ. ಮೂರು ಬಗೆಯ ಬರಹ, ಜೊತೆಗೆ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಹಳೆಯ ಉಡುಗೊರೆ 0000-00-00. ಸೊನ್ನೆಯ ವರ್ಷ, ಸೊನ್ನೆಯ ತಿಂಗಳು. ಅದನ್ನು ‘ದಿನಾಂಕ ಇಲ್ಲ’ ಅಂತ ಓದಿದೆ. ದರದ್ದು ಇನ್ನೊಂದು. ಸಣ್ಣ ಅಕ್ಷರದ ರೇಟ್ ಬಾಡಿಗೆಯ ದರ, ದೊಡ್ಡ ಅಕ್ಷರದ ರೇಟ್ ಮಾರುಕಟ್ಟೆಯ ದರ, ಎರಡೂ ಒಂದೇ ಆಬ್ಜೆಕ್ಟ್‌ನಲ್ಲಿ. ಕೀಗೆ ಅಕ್ಷರಶಃ ಹೊಂದುವ ಫೀಲ್ಡ್ ಇಲ್ಲದಿದ್ದರೆ ಗೋದ ಜೇಸನ್ ಲೈಬ್ರರಿ ಸಣ್ಣ ದೊಡ್ಡ ಅಕ್ಷರದ ಭೇದ ಮಾಡುವುದಿಲ್ಲ, ಎರಡನ್ನೂ ಒಂದೇ ಫೀಲ್ಡ್‌ಗೆ ಹಾಕುತ್ತದೆ, ಕೊನೆಗೆ ಬಂದದ್ದು ಉಳಿಯುತ್ತದೆ. ಒಂದು ಪ್ರಿಂಟ್‌ನಲ್ಲಿ ಬಾಡಿಗೆ ಕಿಲೋಗೆ ನೂರಾರು ರೂಪಾಯಿ ಬಂತು. ಕಣ್ಣಿಗೆ ರಾಚುವ ತಪ್ಪು, ಹಾಗಾಗಿ ಬೇಗ ಸಿಕ್ಕಿತು. ಎರಡಕ್ಕೂ ಬೇರೆ ಬೇರೆ ಫೀಲ್ಡ್ ಕೊಟ್ಟೆ.

ಕಣ್ಣಿಗೆ ರಾಚದ ತಪ್ಪು ಇದಾದ ಒಂದು ವಾರಕ್ಕೆ ಬಂತು.

ಆ ಹೊತ್ತಿಗೆ ಎಲ್ಲಾ ಓದುತ್ತಿತ್ತು. ಬೆಳಿಗ್ಗೆ ಪಟ್ಟಿ ಪ್ರಿಂಟ್ ಆಗುತ್ತಿತ್ತು. ಒಂದು ದಿನ ಗುಮಾಸ್ತರು ಫೋನ್ ಮಾಡಿದರು. “ಇವ್ರದು ಬಾಡಿಗಿ ಸೊನ್ನೆ ತೋರಸ್ತೈತಲ್ರೀ. ಅವ್ರ ಭಾಳ ಖುಷಿ ಆಗ್ಯಾರ.” ಆ ರೈತರ ಲಾಟ್ ತೆಗೆದು ನೋಡಿದೆ. ತೂಕ ಖಾಲಿ ಅಲ್ಲ, ನಲ್ ಅಲ್ಲ, ‘ಆಮೇಲೆ’ಯೂ ಅಲ್ಲ. ತೂಕ ಅನ್ನುವ ಕೀಯೇ ಇರಲಿಲ್ಲ. ಇಲ್ಲದ ಕೀಗೆ ಗೋ ಏನೂ ಮಾಡುವುದಿಲ್ಲ. ನನ್ನ ಮೆಥಡ್ ಅನ್ನು ಕರೆಯುವುದೂ ಇಲ್ಲ. ಡಬ್ಬಿ ಹುಟ್ಟುವಾಗ ಏನಿತ್ತೋ ಅದೇ ಉಳಿಯುತ್ತದೆ. ಸಂಖ್ಯೆಯ ಡಬ್ಬಿ ಹುಟ್ಟುವಾಗ ಅದರಲ್ಲಿ ಇರುವುದು ಸೊನ್ನೆ.

ನನಗೆ ಬೇಜಾರಾದದ್ದು ಇಲ್ಲಿ. ಸ್ಟ್ಯಾಟಿಕ್ ಟೈಪ್ ನನ್ನನ್ನು ಕಾಯುತ್ತದೆ ಅಂತ ನಂಬಿ ಇಷ್ಟು ದಿನ ಅದರ ಬೈಗುಳ ತಿಂದಿದ್ದೆ. ತಪ್ಪು ಟೈಪ್ ಬಂದರೆ ಅದು ಕೂಗುತ್ತದೆ. ಬರಬೇಕಾದದ್ದು ಬರದೇ ಹೋದರೆ ಸುಮ್ನೆ ಇರುತ್ತದೆ. ಗುರುತಿಲ್ಲದ ಕೀ ಬಂದರೆ ಎರರ್ ಕೊಡು ಅಂತ ಹೇಳುವ ಸೌಲಭ್ಯ ಆ ಲೈಬ್ರರಿಯಲ್ಲಿದೆ. ಬೇಕಾದ ಕೀ ಬರದಿದ್ದರೆ ಎರರ್ ಕೊಡು ಅಂತ ಹೇಳುವುದು ಇಲ್ಲ. ಮದುವೆ ಮನೆಯಲ್ಲಿ ಕರೆಯದೆ ಬಂದವರನ್ನು ಬಾಗಿಲಲ್ಲಿ ತಡೆದು, ಮದುಮಗ ಬಂದಿದ್ದಾನೋ ಇಲ್ಲವೋ ನೋಡದ ಹಾಗೆ.

ತೂಕದ ಟೈಪ್ ಅನ್ನು ಮೊದಲಿಂದ ಬರೆದೆ. ಈಗ ಅದರಲ್ಲಿ ಮೂರು ಭಾಗ. ಗ್ರಾಂ ಲೆಕ್ಕದಲ್ಲಿ ಪೂರ್ಣ ಸಂಖ್ಯೆ, ಬಂದ ಕಚ್ಚಾ ಪಠ್ಯ, ಮತ್ತೆ ಸ್ಥಿತಿ. ಸ್ಥಿತಿಗಳು ನಾಲ್ಕು. ಬಂದೇ ಇಲ್ಲ, ಖಾಲಿ ಬಂದಿದೆ, ಅರ್ಥವಾಗಲಿಲ್ಲ, ಸರಿ ಇದೆ. ಈ ಕ್ರಮದಲ್ಲೇ. ಯಾಕೆಂದರೆ ಮೊದಲನೆಯದರ ಬೆಲೆ ಸೊನ್ನೆ. ಕೀ ಇಲ್ಲದಿದ್ದರೆ ಗೋ ತಾನಾಗಿ ಉಳಿಸುವ ಸೊನ್ನೆಗೆ ಈಗ ‘ಬಂದೇ ಇಲ್ಲ’ ಅನ್ನುವ ಅರ್ಥ. ಅದರ ಹಟವನ್ನೇ ಕೆಲಸಕ್ಕೆ ಹಚ್ಚಿದ ಹಾಗಾಯಿತು. ಗುಮಾಸ್ತರು ಫಾರ್ಮ್ ದಾಟಲು ಹಾಕುವ 0 ಕೂಡ ‘ಅರ್ಥವಾಗಲಿಲ್ಲ’ಕ್ಕೇ ಹೋಗುತ್ತದೆ. ಒಳಗಿನ ಲೆಕ್ಕಕ್ಕೆ ಸಂಖ್ಯೆ ಬೇಕೆಂದರೆ ಸ್ಥಿತಿಯನ್ನು ಕೇಳಿಯೇ ತೆಗೆದುಕೊಳ್ಳಬೇಕು. ಗ್ರಾಂನ ಫೀಲ್ಡ್ ಅನ್ನು ಹೊರಗಿನ ಪ್ಯಾಕೇಜ್‌ಗೆ ಕಾಣದ ಹಾಗೆ ಮುಚ್ಚಿಟ್ಟೆ. ನನ್ನ ಮೇಲೆ ನನಗೇ ನಂಬಿಕೆ ಇರಲಿಲ್ಲ.

ಅರ್ಥವಾಗದ್ದಕ್ಕೆ ಆ ಮೆಥಡ್‌ನಿಂದ ಎರರ್ ಹಿಂದಿರುಗಿಸುವುದನ್ನೂ ಬಿಟ್ಟೆ. ಎರರ್ ಕೊಟ್ಟರೆ ಓದುವುದು ಅಲ್ಲಿಗೇ ನಿಲ್ಲುತ್ತದೆ. ಒಬ್ಬರ ಲಾಟ್ ಕೆಟ್ಟಿದ್ದಕ್ಕೆ ಉಳಿದವರ ಲೆಕ್ಕ ಯಾಕೆ ನಿಲ್ಲಬೇಕು? ಮೊದಲು ಇಡೀ ಪಟ್ಟಿಯನ್ನು ಬಿಚ್ಚದ ಗಂಟುಗಳಾಗಿ ಓದುತ್ತೇನೆ. ಗೋದಲ್ಲಿ ಅದಕ್ಕೆ ರಾಮೆಸೇಜ್ ಅಂತ ಟೈಪ್ ಇದೆ. ಆಮೇಲೆ ಒಂದೊಂದೇ ಗಂಟು ಬಿಚ್ಚುವುದು. ಸರಿಯಿದ್ದದ್ದು ಲೆಕ್ಕಕ್ಕೆ, ಸರಿಯಿಲ್ಲದ್ದು ಇನ್ನೊಂದು ಹಾಳೆಗೆ. ಆ ಹಾಳೆಗೆ ‘ತಕರಾರು’ ಅಂತ ಹೆಸರಿಟ್ಟೆ. ಲಾಟ್ ನಂಬರ್, ಯಾವ ಫೀಲ್ಡ್, ಅಲ್ಲಿ ಏನು ಬರೆದಿತ್ತು ಅಂತ ಹಾಗ್‌ಹಾಗೇ.

ಮೊದಲ ದಿನ ತಕರಾರು ಆರು ಪುಟ ಬಂತು. ಗುಮಾಸ್ತರು ಪ್ರಿಂಟ್ ನೋಡಿ ಏನೂ ಹೇಳಲಿಲ್ಲ. ಕಿವಿಯ ಮೇಲಿದ್ದ ಪೆನ್ ತೆಗೆದು, ರಸೀದಿ ಪುಸ್ತಕ ಮುಂದಿಟ್ಟುಕೊಂಡು, ಒಂದೊಂದಕ್ಕೂ ಸರಿಯಾದ ತೂಕ ಬರೆಯುತ್ತಾ ಹೋದರು. ಎಷ್ಟೋ ಅವರಿಗೆ ನೆನಪಲ್ಲೇ ಇತ್ತು. ಬರೀ ‘100’ ಅಂತ ಇದ್ದವುಗಳಲ್ಲಿ ಯಾವುದು ಬಾಕ್ಸ್, ಯಾವುದು ಕಿಲೋ ಅನ್ನುವುದನ್ನೂ ಊರ ಹೆಸರು ನೋಡಿ ಹೇಳಿದರು. ಆ ಊರಿನವರು ಬಾಕ್ಸ್ ಕಟ್ಟಿಯೇ ತರುವುದು, ಈ ಊರಿನವರು ಕ್ರೇಟ್‌ನಲ್ಲಿ ಸಡಿಲ ಮಾಲು ತರುವುದು. ಇದನ್ನು ಯಾವ ಟೈಪ್‌ನಲ್ಲಿ ಬರೆಯಲಿ? ಬರೆಯಲಿಲ್ಲ. ಬರೀ ಸಂಖ್ಯೆ ನೂರೈವತ್ತಕ್ಕಿಂತ ಕಡಿಮೆ ಇದ್ದರೆ ತಕರಾರಿಗೆ ಹಾಕು, ಅವರು ನೋಡಲಿ ಅಂತ ಬಿಟ್ಟೆ.

ಎರಡನೇ ವಾರಕ್ಕೆ ತಕರಾರು ಒಂದು ಪುಟಕ್ಕೆ ಇಳಿಯಿತು. ಏಪ್ರಿಲ್ ಮುಗಿಯುವ ಹೊತ್ತಿಗೆ ಎರಡೇ ಸಾಲು ಉಳಿದವು. ಎರಡೂ ಒಂದೇ ರಾತ್ರಿ ಬಂದ ಲಾಟ್‌ಗಳು, ಎರಡರಲ್ಲೂ ತೂಕ ‘ಆಮೇಲೆ’. ರಸೀದಿಯಲ್ಲೂ ಹಾಗೇ ಇದೆ. ಗೆಳೆಯ ಅಂದಾಜು ಹಾಕಿ ಮುಗಿಸಿಬಿಡು ಅಂದ. ಗುಮಾಸ್ತರು ಒಪ್ಪಲಿಲ್ಲ. ಆ ರೈತರು ಮಾಲು ಒಯ್ಯಲು ಬರುವ ದಿನ ಕಾಟಾದ ಮೇಲೆ ಇಟ್ಟೇ ಬರೆಯುತ್ತೇನೆ ಅಂದರು. ಅಲ್ಲಿಯ ತನಕ ದಿನಾ ಬೆಳಿಗ್ಗೆ ಆ ಎರಡು ಸಾಲಿನ ಹಾಳೆ ಪ್ರಿಂಟ್ ಆಗುತ್ತದೆ, ಅವರು ಅದನ್ನು ಮಡಚಿ ಟೇಬಲ್ಲಿನ ಗಾಜಿನ ಕೆಳಗೆ ಇಡುತ್ತಾರೆ.